ದಂಡೆಯಿಂದ ಗಾಳ: ಭೀಮಾ, ಕಾಗಿಣಾ, ಕಾರಂಜಾ ಸೀಮೆಯ ಹೊಸಬರಿಗೆ

ಕಾರವಾರ, ಮಲ್ಪೆ ಕಡೆಯ ವಿಡಿಯೋಗಳನ್ನು ನೋಡಿರುತ್ತೀರಿ. ಬಂಡೆಯ ಮೇಲೆ ನಿಂತವನು ಒಂದೇ ದಾರಕ್ಕೆ ಐದಾರು ಗಾಳ ಕಟ್ಟಿ, ಅವಕ್ಕೆ ಗರಿಯನ್ನೋ ಹೊಳೆಯುವ ಪಟ್ಟಿಯನ್ನೋ ಸುತ್ತಿ, ದೂರಕ್ಕೆ ಬೀಸಿ ಎಳೆಯುತ್ತಾನೆ. ಎರಡು ಮೂರು ಬಂಗುಡೆ ಒಟ್ಟಿಗೇ ಬರುತ್ತವೆ. ಅದೇ ಸಾಮಾನು ತರಿಸಿಕೊಂಡು ಭೀಮಾ ದಂಡೆಯಲ್ಲಿ ದಿನವಿಡೀ ಬೀಸಿದರೆ ತೋಳು ನೋಯುವುದಷ್ಟೇ ಲಾಭ. ಬಂಗುಡೆ ಗುಂಪುಗಟ್ಟಿ ಓಡಾಡುವ ಸಮುದ್ರದ ಮೀನು, ಕಣ್ಣಿಗೆ ಮಿಂಚಿದ್ದಕ್ಕೆ ಬಾಯಿ ಹಾಕುತ್ತದೆ. ನಮ್ಮ ಹೊಳೆ, ಕೆರೆ, ಡ್ಯಾಮಿನ ರೋಹು, ಕಾಟ್ಲಾ, ಮೃಗಾಲ, ಗೆಂಡೆ ಹಾಗಲ್ಲ. ಎರೆಮಣ್ಣು ಕದಡಿದ ನೀರಿನಲ್ಲಿ ಅವು ವಾಸನೆಯ ಜಾಡು ಹಿಡಿದು ಬರುತ್ತವೆ, ಮೇವನ್ನು ಮೆಲ್ಲಗೆ ಹೀರಿ ನೋಡುತ್ತವೆ, ಅನುಮಾನ ಬಂದರೆ ಉಗುಳಿ ಹೋಗುತ್ತವೆ. ಹಾಗಾಗಿ ಇಲ್ಲಿ ಎಸೆಯುವ ದೂರಕ್ಕಿಂತ ಮೇವಿನ ಹದ ಮತ್ತು ಗಾಳ ತೂಗುವ ಆಳ ಮುಖ್ಯ. ಈ ಎರಡನ್ನು ಸರಿ ಮಾಡಿಕೊಂಡವನು ಎಂಟು ಅಡಿಯ ಬಿದಿರಿನ ಗಳದಲ್ಲೂ ಮೀನು ಹಿಡಿಯುತ್ತಾನೆ.

ಮೊದಲು ಜಾಗ, ಅದಕ್ಕೂ ಮೊದಲು ಅನುಮತಿ

ಹೊಸಬರು ನೇರವಾಗಿ ದೊಡ್ಡ ಹೊಳೆಗೆ ಹೋಗುವುದಕ್ಕಿಂತ ನಿಂತ ನೀರಿನಲ್ಲಿ ಕಲಿಯುವುದು ಒಳ್ಳೆಯದು. ಊರ ಕೆರೆ, ಯಾದಗಿರಿ ಹತ್ತಿರದ ಹತ್ತಿಕುಣಿಯಂಥ ಸಣ್ಣ ಜಲಾಶಯ, ಬೆಣ್ಣೆತೊರೆ ಅಥವಾ ಕಾರಂಜಾ ಹಿನ್ನೀರಿನ ಮೂಲೆ, ಇಂಥ ಕಡೆ ಬೆಂಡು, ಅಂದರೆ ಮೀನು ಕಚ್ಚಿದ್ದನ್ನು ತೋರಿಸಲು ದಾರಕ್ಕೆ ಕಟ್ಟುವ ತೇಲುವ ತುಂಡು, ಇಟ್ಟಲ್ಲೇ ನಿಲ್ಲುತ್ತದೆ. ಅದು ಏನು ಹೇಳುತ್ತಿದೆ ಎಂದು ಓದಲು ಸಮಯ ಸಿಗುತ್ತದೆ. ಹರಿಯುವ ಭೀಮಾದಲ್ಲಿ ಸೆಳವೇ ಬೆಂಡನ್ನು ಎಳೆದು ಮೀನು ಕಚ್ಚಿದಂತೆ ತೋರಿಸಿ ಮೋಸ ಮಾಡುತ್ತದೆ.

ಆದರೆ ಕೆರೆ ಮತ್ತು ಜಲಾಶಯಗಳ ಮೀನು ಬಹುಪಾಲು ಯಾರದೋ ಗುತ್ತಿಗೆಯಲ್ಲಿರುತ್ತದೆ. ಮೀನುಗಾರರ ಸಹಕಾರ ಸಂಘವೋ ಗುತ್ತಿಗೆದಾರರೋ ಹಣ ಹಾಕಿ ಮರಿ ಬಿಟ್ಟಿರುತ್ತಾರೆ. ಅವರನ್ನು ಕೇಳದೆ ಗಾಳ ಹಾಕಿದರೆ ಅದು ಕಳ್ಳತನವೇ. ದಂಡೆಯಲ್ಲಿ ಬಲೆ ಹೆಣೆಯುತ್ತಾ, ಹರಿಗೋಲು ಒಣಗಿಸುತ್ತಾ ಕುಳಿತವರನ್ನು ಮೊದಲು ಮಾತಾಡಿಸಿ. ‘ಕಾಕಾ, ಇಲ್ಲಿ ಗಾಳ ಹಾಕಿದ್ರ ನಡೀತದೇನ್ರಿ? ಆಳ ಎಷ್ಟದರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ಎರಡಕ್ಕೂ ಉತ್ತರ ಸಿಗುತ್ತದೆ. ಸಂಶಯವಿದ್ದರೆ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಯಾವ ನೀರು ಯಾರ ಗುತ್ತಿಗೆಯಲ್ಲಿದೆ, ಪರವಾನಗಿ ಬೇಕೇ ಎಂದು ವಿಚಾರಿಸಿಕೊಳ್ಳಿ. ಚಿಂಚೋಳಿ ವನ್ಯಜೀವಿಧಾಮದೊಳಗಿನ ಚಂದ್ರಂಪಳ್ಳಿ, ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮದ ಕೆರೆ, ಇವುಗಳ ಕಡೆಗೆ ಗಾಳ ಹಿಡಿದು ಹೋಗಲೇಬೇಡಿ.

ತೋಟೆ ಸಿಡಿಸುವುದು, ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಜೂನ್‌ನಿಂದ ಆಗಸ್ಟ್‌ವರೆಗೆ ರೋಹು, ಕಾಟ್ಲಾ ಮೊಟ್ಟೆ ಇಡುವ ಕಾಲ. ಆಗ ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಬಿಟ್ಟುಬಿಡಿ.

ಯಾವ ಮೀನು ಯಾವ ಪದರದಲ್ಲಿ

ಮೀನಿನ ಬಾಯಿ ನೋಡಿದರೆ ಅದು ಎಲ್ಲಿ ಮೇಯುತ್ತದೆ ಎಂದು ತಿಳಿಯುತ್ತದೆ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲಿನ ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಜಾಲರಿಯಂಥ ಅಂಚಿದೆ. ನಡುನೀರಿನಲ್ಲಿ, ಕಲ್ಲು ಗಿಡಗಳಿಗೆ ಅಂಟಿದ ಪಾಚಿಯಲ್ಲಿ ಅದರ ಊಟ. ಮೃಗಾಲ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತವೆ. ಜಿಲೇಬಿ, ಅಂದರೆ 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ದಡದ ಹತ್ತಿರ ಮೊಣಕಾಲುದ್ದ ನೀರಿನಲ್ಲೇ ಸಿಗುತ್ತದೆ. ಅಂಚಿನ ಕೆಸರಿನಲ್ಲಿ ತಟ್ಟೆಯಷ್ಟು ಅಗಲದ ಗುಂಡನೆಯ ಕುಳಿಗಳು ಕಂಡರೆ ಅವು ಅದರ ಗೂಡು. ಕೊರವ, ಬಾಳೆಮೀನು ಬೇಟೆಗಾರ ಜಾತಿ. ಅವಕ್ಕೆ ಹಿಟ್ಟು ನಡೆಯುವುದಿಲ್ಲ. ಎರೆಹುಳು, ಸಣ್ಣ ಮೀನು ಬೇಕು.

ಮೊದಲ ನಾಲ್ಕೈದು ಸಲ ಜಿಲೇಬಿಯನ್ನೇ ಗುರಿ ಮಾಡಿ. ‘ಅದೇನು ಮೀನು’ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಗಾಳ ಕಲಿಸುವ ಮೇಷ್ಟ್ರು ಅದೇ. ದಿನವಿಡೀ ಕಚ್ಚುತ್ತದೆ, ತಪ್ಪು ಮಾಡಿದರೂ ಮತ್ತೆ ಬರುತ್ತದೆ. ಜಿಲೇಬಿ ಹಿಡಿದು ಕೈ ಪಳಗದವನಿಗೆ ಎರಡು ಕಿಲೋ ರೋಹು ಕಚ್ಚಿದರೆ ಏನು ಮಾಡಬೇಕೆಂದೇ ತೋಚುವುದಿಲ್ಲ.

ಸಾಮಾನು

ಎರಡು ದಾರಿ ಇವೆ. ಕಡಿಮೆ ಖರ್ಚಿನದು ಬಿದಿರಿನ ಗಳ: ಹತ್ತರಿಂದ ಹನ್ನೆರಡು ಅಡಿ ಉದ್ದ, ತುದಿ ಕಿರುಬೆರಳಿಗಿಂತ ಸಣ್ಣ, ಬುಡ ಹಿಡಿಯುವಷ್ಟು ದಪ್ಪ. ಹಸಿ ಬಿದಿರು ಬೇಡ. ನೆರಳಿನಲ್ಲಿ ಮಲಗಿಸಿ ಒಂದು ತಿಂಗಳು ಒಣಗಿಸಿ. ಬಿಸಿಲಲ್ಲಿ ನಿಲ್ಲಿಸಿದರೆ ಸೊಟ್ಟಾಗಿ ಸೀಳುತ್ತದೆ. ದಾರ ಗಳದಷ್ಟೇ ಉದ್ದವಿರಲಿ, ಹೆಚ್ಚೆಂದರೆ ಒಂದು ಅಡಿ ಜಾಸ್ತಿ. ದಾರವನ್ನು ತುದಿಗೆ ಮಾತ್ರ ಕಟ್ಟಬೇಡಿ. ಗಳದ ಮೇಲಿನ ಮೂರು ಅಡಿಯುದ್ದಕ್ಕೂ ಸುತ್ತಿಕೊಂಡು ಬಂದು ತುದಿಯಲ್ಲಿ ಗಂಟು ಹಾಕಿ. ತುದಿ ಮುರಿದರೂ ಮೀನು ಕೈಯಲ್ಲಿ ಉಳಿಯುತ್ತದೆ.

ಎರಡನೆಯದು ರಾಡ್ ಮತ್ತು ರೀಲ್. ಎಂಟು ಅಥವಾ ಒಂಬತ್ತು ಅಡಿಯ ಮಧ್ಯಮ ಗಡಸಿನ ರಾಡ್, 3000 ಇಲ್ಲವೇ 4000 ಅಳತೆಯ ಸ್ಪಿನ್ನಿಂಗ್ ರೀಲ್ ಸಾಕು. ಹನ್ನೆರಡು ಅಡಿಯ ಸಮುದ್ರದ ರಾಡ್ ಕೊಂಡರೆ ಕೆರೆಯ ಜಾಲಿ ಗಿಡಗಳ ನಡುವೆ ತಿರುಗಿಸಲೂ ಆಗದು. ರೀಲಿಗೆ ತಂಗೂಸಿ (ನೈಲಾನ್ ದಾರ) ತುಂಬುವಾಗ ಸ್ಪೂಲಿನ, ಅಂದರೆ ದಾರ ಸುತ್ತುವ ಉರುಳೆಯ ಅಂಚಿಗೆ ಎರಡು ಮೂರು ಮಿಲಿಮೀಟರ್ ಬಿಡಿ. ಅದಕ್ಕಿಂತ ಕಡಿಮೆ ತುಂಬಿದರೆ ದಾರ ಅಂಚಿಗೆ ಉಜ್ಜಿ ದೂರ ಹೋಗುವುದಿಲ್ಲ; ಪೂರ್ತಿ ತುಂಬಿದರೆ ಒಂದೇ ಎಸೆತಕ್ಕೆ ಸುರುಳಿ ಸುರುಳಿಯಾಗಿ ಕಳಚಿ ಗೋಜಲಾಗುತ್ತದೆ.

ದಾರದ ದಪ್ಪ ಹೀಗಿರಲಿ: ಜಿಲೇಬಿ ಮತ್ತು ಸಣ್ಣ ಗೆಂಡೆಗೆ 0.20 ಮಿ.ಮೀ., ರೋಹು ಮೃಗಾಲಕ್ಕೆ 0.28ರಿಂದ 0.30, ದೊಡ್ಡ ಕಾಟ್ಲಾ ಇರುವ ಜಲಾಶಯದಲ್ಲಿ 0.35. ದಪ್ಪ ದಾರ ಗಟ್ಟಿ ನಿಜ, ಆದರೆ ಹಗುರ ಮೇವಿನ ಚಲನೆಯನ್ನು ಕೊಲ್ಲುತ್ತದೆ. ನೈಲಾನ್ ದಾರಕ್ಕೆ ಬಿಸಿಲು ಶತ್ರು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಬೈಕಿಗೆ ಕಟ್ಟಿಟ್ಟ ರೀಲಿನ ದಾರ ಹೊರಗಿನ ಸುತ್ತುಗಳಿಂದಲೇ ಸತ್ವ ಕಳೆದುಕೊಳ್ಳುತ್ತದೆ. ಬಟ್ಟೆ ಚೀಲದಲ್ಲಿಡಿ, ವರ್ಷಕ್ಕೊಮ್ಮೆ ಬದಲಿಸಿ.

ಗಾಳದ ನಂಬರು ತಿರುಗುಮುರುಗು: ನಂಬರು ದೊಡ್ಡದಾದಷ್ಟೂ ಗಾಳ ಸಣ್ಣದು. ಜಿಲೇಬಿಗೆ 10 ಅಥವಾ 12, ರೋಹು ಮೃಗಾಲಕ್ಕೆ 6 ಅಥವಾ 8, ದೊಡ್ಡ ಮೀನಿಗೆ 2 ಅಥವಾ 4. ಅಂಗಡಿಯಲ್ಲಿ ಒಂದೇ ಗಾತ್ರದ ಇಪ್ಪತ್ತು ಗಾಳ ಕೊಳ್ಳುವುದಕ್ಕಿಂತ ಮೂರು ಗಾತ್ರದ ಐದೈದು ತನ್ನಿ. ಮೊನೆ ಚೂಪಿದೆಯೇ ಎಂದು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ: ಉಗುರಿಗೆ ಕಚ್ಚಿಕೊಂಡರೆ ಸರಿ, ಜಾರಿದರೆ ಎಸೆಯಿರಿ.

ಉಳಿದದ್ದು: ಒಂದೆರಡು ಅಳತೆಯ ಸೀಸದ ಗುಂಡು, ಬೆಂಡು, ಕೈಬಲೆ, ಉದ್ದ ಮೂತಿಯ ಇಕ್ಕಳ, ಕತ್ತರಿ, ಹಳೆಯ ಟವೆಲ್. ಕೈಬಲೆಯನ್ನು ಹೊಸಬರು ಬೇಡವೆನ್ನುತ್ತಾರೆ. ಮೊದಲ ದೊಡ್ಡ ಮೀನು ದಡದಲ್ಲೇ ತಪ್ಪಿಸಿಕೊಂಡ ಮೇಲೆ ಕೊಳ್ಳುತ್ತಾರೆ.

ಬೆಂಡಿಗೆ ಅಂಗಡಿಗೆ ಹೋಗಬೇಕೆಂದೇನೂ ಇಲ್ಲ. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಸಿಗುವ ಬೆಂಡು ಹಗುರ, ಕೆತ್ತಲು ಸುಲಭ. ಕಿರುಬೆರಳಿನಷ್ಟು ದಪ್ಪ, ಎರಡಂಗುಲ ಉದ್ದ ಕತ್ತರಿಸಿ, ನಡುವೆ ಊದುಬತ್ತಿ ಕಡ್ಡಿ ತೂರಿಸಿ. ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೇ ನೀರು ಕುಡಿದು ಭಾರವಾಗುತ್ತದೆ. ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯಿರಿ, ಅಥವಾ ಎರಡು ಸಲ ನೇಲ್ ಪಾಲಿಶ್ ಬಳಿಯಿರಿ. ಮೇಲಿನ ತುದಿಗೆ ಕೆಂಪು ಬಣ್ಣ. ಕೆಮ್ಮಣ್ಣಿನ ನೀರಿನಲ್ಲಿ ಕೆಂಪು ಕಾಣದಿದ್ದರೆ ಕಪ್ಪು.

ಕಟ್ಟುವುದು

ಗಾಳದ ಗಂಟು ಒಂದನ್ನು ಮಾತ್ರ ಕಲಿಯಿರಿ, ಆದರೆ ಕಣ್ಣು ಮುಚ್ಚಿ ಕಟ್ಟುವಷ್ಟು ಕಲಿಯಿರಿ. ದಾರದ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ ನಾಲ್ಕಂಗುಲ ಹೊರಗೆಳೆಯಿರಿ. ಆ ತುದಿಯನ್ನು ಮೂಲ ದಾರದ ಸುತ್ತ ಐದಾರು ಸುತ್ತು ಸುತ್ತಿ. ಗಾಳದ ಕಣ್ಣಿನ ಪಕ್ಕ ಉಳಿದ ಸಣ್ಣ ಕುಣಿಕೆಯಲ್ಲಿ ತುದಿಯನ್ನು ತೂರಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯಲ್ಲಿ ಮತ್ತೊಮ್ಮೆ ತೂರಿಸಿ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿಯಿರಿ. ಎಂಜಲು ಶಾಸ್ತ್ರಕ್ಕಲ್ಲ: ಒಣ ದಾರ ಬಿಗಿಯುವಾಗ ತಿಕ್ಕಾಟದ ಬಿಸಿಗೆ ನೈಲಾನ್ ಅಲ್ಲೇ ಬಲಹೀನವಾಗುತ್ತದೆ. ಮೀನು ಹೋದ ಮೇಲೆ ದಾರದ ತುದಿ ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದು ಅರ್ಥ. ನೇರವಾಗಿ ತುಂಡಾಗಿದ್ದರೆ ದಾರವೇ ಹರಿದಿದೆ.

ಬೆಂಡಿನ ಕೆಳಗೆ ಸೀಸ ಎಷ್ಟು? ಬಕೆಟ್ ನೀರಿನಲ್ಲಿ ಮನೆಯಲ್ಲೇ ನೋಡಿಕೊಳ್ಳಿ. ಒಂದೊಂದೇ ಗುಂಡು ಹಚ್ಚುತ್ತಾ ಹೋಗಿ, ಬೆಂಡಿನ ತುದಿ ಒಂದು ಸೆಂಟಿಮೀಟರ್ ಮಾತ್ರ ನೀರ ಮೇಲೆ ಉಳಿಯುವಾಗ ನಿಲ್ಲಿಸಿ. ಹೊಸಬರ ಬೆಂಡು ಅರ್ಧಕ್ಕರ್ಧ ಮೇಲೆ ತೇಲುತ್ತಿರುತ್ತದೆ. ಆಗ ಮೇವು ಹೀರಿದ ರೋಹುವಿಗೆ ಇಡೀ ಬೆಂಡನ್ನು ಮುಳುಗಿಸುವ ಭಾರ ತಾಗುತ್ತದೆ, ತಕ್ಷಣ ಉಗುಳುತ್ತದೆ. ‘ಕಚ್ಚುತ್ತದೆ, ಸಿಗುವುದಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಹೆಚ್ಚಿನ ಸೀಸವನ್ನು ಬೆಂಡು ಮತ್ತು ಗಾಳದ ನಡುವೆ ಸ್ವಲ್ಪ ಕೆಳಗೆ ಒಟ್ಟುಗೂಡಿಸಿ, ಒಂದು ಸಣ್ಣ ಗುಂಡನ್ನು ಗಾಳಕ್ಕೆ ಒಂದು ಗೇಣು ಮೇಲೆ ಇಡಿ.

ಹರಿಯುವ ಹೊಳೆಯಲ್ಲಿ ಬೆಂಡು ಬಿಟ್ಟು ತಳದ ಗಾಳ ಹಾಕಿ. ನಡುವೆ ತೂತಿರುವ 20ರಿಂದ 30 ಗ್ರಾಂ ಸೀಸವನ್ನು ದಾರಕ್ಕೆ ಪೋಣಿಸಿ, ಅದು ಗಾಳಕ್ಕೆ ಜಾರದಂತೆ ಗಾಳದಿಂದ ಒಂದು ಮೊಳ ಮೇಲೆ ಒಂದು ಸಣ್ಣ ಗುಂಡು ಕಚ್ಚಿಸಿ. ಮೀನು ಎಳೆದಾಗ ದಾರ ಸೀಸದೊಳಗಿಂದ ಸರಾಗ ಹರಿಯುತ್ತದೆ, ಭಾರ ತಿಳಿಯುವುದಿಲ್ಲ. ರಾಡಿನ ತುದಿಗೆ ಒಂದು ಗೆಜ್ಜೆ ಕಟ್ಟಿದರೆ ಕತ್ತಲಾಗುತ್ತಿದ್ದರೂ ಕಿವಿಯೇ ಕಣ್ಣಾಗುತ್ತದೆ. ಕಾಗಿಣಾದಲ್ಲಿ ಮಾತ್ರ ಎಚ್ಚರ: ಮಳಖೇಡ, ಚಿತ್ತಾಪುರ ಕಡೆ ತಳದಲ್ಲಿ ಸುಣ್ಣಕಲ್ಲಿನ ಹಾಸುಗಳಿವೆ, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಜಾತಿಯವು. ಸೀಸ ಸಂದಿಗೆ ಸಿಕ್ಕರೆ ಬರುವುದೇ ಇಲ್ಲ. ಅಂಥಲ್ಲಿ ಸೀಸವನ್ನು ಮೂಲ ದಾರಕ್ಕಿಂತ ತೆಳು ದಾರದಲ್ಲಿ ಪ್ರತ್ಯೇಕ ಜೋತು ಬಿಡಿ. ಸಿಕ್ಕಿಕೊಂಡರೆ ಸೀಸವಷ್ಟೇ ಹೋಗುತ್ತದೆ.

ಆಳ ಅಳೆಯದೆ ಗಾಳ ಹಾಕಬೇಡಿ

ಈ ಹೆಜ್ಜೆಗೆ ಹತ್ತು ನಿಮಿಷ ಬೇಕು, ಹತ್ತರಲ್ಲಿ ಒಂಬತ್ತು ಮಂದಿ ಬಿಟ್ಟುಬಿಡುತ್ತಾರೆ. ಗಾಳಕ್ಕೆ ಬೆಂಡನ್ನು ಮುಳುಗಿಸುವಷ್ಟು ಭಾರದ ಸೀಸವನ್ನು ಸಿಕ್ಕಿಸಿ ನಿಮ್ಮ ಜಾಗಕ್ಕೆ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಆಳ ಹೆಚ್ಚಿದೆ, ಬೆಂಡನ್ನು ದಾರದ ಮೇಲೆ ಒಂದು ಗೇಣು ಮೇಲೆ ಸರಿಸಿ. ಅಡ್ಡ ಮಲಗಿದರೆ ಆಳ ಕಡಿಮೆ, ಕೆಳಗೆ ಸರಿಸಿ. ತುದಿ ಮಾತ್ರ ಇಣುಕುವಂತಾದಾಗ ನೀರಿನ ಆಳ ನಿಮ್ಮ ದಾರದಲ್ಲಿ ಗುರುತಾಗಿದೆ. ಹೀಗೆ ಎಡ, ಬಲ, ಮುಂದೆ ನಾಲ್ಕಾರು ಕಡೆ ಅಳೆದರೆ ತಳದ ನಕ್ಷೆಯೇ ತಲೆಯಲ್ಲಿ ಮೂಡುತ್ತದೆ. ದಡದಿಂದ ಇಳಿಜಾರಾಗಿ ಬಂದು ಥಟ್ಟನೆ ಆಳವಾಗುವ ಅಂಚು ಸಿಕ್ಕರೆ ಅಲ್ಲೇ ಕೂರಿ. ಮೀನು ಆ ಅಂಚಿನುದ್ದಕ್ಕೂ ಓಡಾಡುತ್ತದೆ. ಕೆಲವು ಕೆರೆಗಳಲ್ಲಿ ಈ ಅಂಚು ದಡದಿಂದ ಗಳದಳತೆಯಲ್ಲೇ ಇರುತ್ತದೆ.

ಮೃಗಾಲ, ಗೆಂಡೆಗೆ ಗಾಳ ತಳಕ್ಕೆ ತಾಗಿರಲಿ. ರೋಹುವಿಗೆ ತಳದಿಂದ ಒಂದೆರಡು ಗೇಣು ಮೇಲೆ. ಕಾಟ್ಲಾಕ್ಕೆ ಇನ್ನೂ ಮೇಲೆ, ಮೋಡದ ದಿನ ಮೇಲ್ಮಟ್ಟದಿಂದ ಮೂರು ನಾಲ್ಕು ಅಡಿಯಲ್ಲೇ.

ಮೇವು

ಕಲಬುರಗಿ ಸೀಮೆಯವರಿಗೆ ಮೊದಲು ನೆನಪಾಗುವುದು ಜೋಳದ ಹಿಟ್ಟು. ತಣ್ಣೀರಿನಲ್ಲಿ ಕಲಸಿ ಗಾಳಕ್ಕೆ ಹಚ್ಚಿದರೆ ನೀರಿಗೆ ಬಿದ್ದ ಅರ್ಧ ನಿಮಿಷದಲ್ಲಿ ಮಾಯ. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ರೊಟ್ಟಿ ಬಡಿಯುವವರಿಗೆ ಇದು ಗೊತ್ತೇ ಇದೆ, ಅದಕ್ಕೇ ಎಸರು ಹಾಕಿ ನಾದುವುದು. ಕುದಿಯುವ ನೀರಿಗೆ ಹಿಟ್ಟಿನ ಪಿಷ್ಟ ಅರ್ಧ ಬೆಂದು ಜಿಗುಟಾಗುತ್ತದೆ. ಗಾಳದ ಹಿಟ್ಟಿಗೂ ಅದೇ ಉಪಾಯ, ಜೊತೆಗೆ ಸ್ವಲ್ಪ ಮೈದಾ.

ಗಾಳದ ಹಿಟ್ಟು: 100 ಗ್ರಾಂ ಮೈದಾ, 50 ಗ್ರಾಂ ಜೋಳದ ಹಿಟ್ಟು, 50 ಗ್ರಾಂ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಶೇಂಗಾ ಹಿಂಡಿ, ಅರ್ಧ ಚಮಚ ಹುರಿದ ಸೋಂಪಿನ ಪುಡಿ. ಜೋಳದ ಹಿಟ್ಟಿಗೆ ಮಾತ್ರ ಎಸರು ಹಾಕಿ ಕಲಸಿ, ಆರಿದ ಮೇಲೆ ಉಳಿದದ್ದು ಸೇರಿಸಿ, ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಹತ್ತು ನಿಮಿಷ ನಾದಿ. ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು. ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. ಸೆಳವಿರುವ ನೀರಿಗಾದರೆ ನಾದುವಾಗ ಒಂದು ಚಿಟಿಕೆ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಸೇರಿಸಿ. ಎಳೆಗಳು ಹಿಟ್ಟನ್ನು ಗಾಳಕ್ಕೆ ಹಿಡಿದಿಡುತ್ತವೆ. ಯಾದಗಿರಿ ಕಡೆಯವರು ಹತ್ತಿಗೆ ದೂರ ಹೋಗಬೇಕಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಿ. ಗಾಳಕ್ಕೆ ಹಚ್ಚಿದ ಹಿಟ್ಟನ್ನು ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಐದು ನಿಮಿಷ ಗಟ್ಟಿ ನಿಂತು, ಹತ್ತು ಹದಿನೈದು ನಿಮಿಷಕ್ಕೆ ಹೊರಪದರ ಮೆಲ್ಲಗೆ ಕರಗಬೇಕು. ಎರಡೇ ನಿಮಿಷಕ್ಕೆ ಬಿದ್ದರೆ ಮೈದಾ ಹೆಚ್ಚಿಸಿ. ಅರ್ಧ ಗಂಟೆಯಾದರೂ ಗೋಲಿಯಂತೆ ಉಳಿದರೆ ಜೋಳ ಹೆಚ್ಚಿಸಿ. ಕರಗದ ಮೇವಿನಿಂದ ವಾಸನೆ ಹೊರಡುವುದಿಲ್ಲ, ಗಾಳದ ಮೊನೆಯೂ ಒಳಗೇ ಹೂತು ಮೀನಿನ ತುಟಿಗೆ ತಾಗುವುದಿಲ್ಲ. 8 ನಂಬರ್ ಗಾಳಕ್ಕೆ ಬಟಾಣಿ ಗಾತ್ರ, 12ಕ್ಕೆ ತೊಗರಿ ಕಾಳಿನಷ್ಟು ಸಾಕು.

ಕರೆಯುವ ಮೇವು ಬೇರೆಯೇ. ಇದನ್ನು ನೀರಿಗೆ ಎಸೆಯುವುದು ಮೀನನ್ನು ನಿಮ್ಮ ಬೆಂಡಿನ ಕೆಳಗೆ ತಂದು ನಿಲ್ಲಿಸಲು, ಹೊಟ್ಟೆ ತುಂಬಿಸಲು ಅಲ್ಲ. ಅರ್ಧ ದಿನಕ್ಕೆ ಒಂದು ಕಿಲೋ ಸಾಕು: 400 ಗ್ರಾಂ ಶೇಂಗಾ ಹಿಂಡಿ ರಾತ್ರಿ ನೆನೆಸಿದ್ದು, 400 ಗ್ರಾಂ ಅಕ್ಕಿ ತೌಡು, 200 ಗ್ರಾಂ ಬೇಯಿಸಿದ ಜೋಳದ ಅಥವಾ ತೊಗರಿಯ ನುಚ್ಚು, ಒಂದು ಚಮಚ ಹುರಿದ ಮೆಂತ್ಯದ ಪುಡಿ. ದಂಡೆಯಲ್ಲೇ ಅದೇ ಕೆರೆಯ ನೀರು ಹಾಕಿ ಕಲಸಿ. ಮುಷ್ಟಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ಹೆಬ್ಬೆರಳಿಂದ ಒತ್ತಿದರೆ ಒಡೆಯಬೇಕು. ನಿಂಬೆಹಣ್ಣಿನ ಗಾತ್ರದ ಐದಾರು ಉಂಡೆ ಮೊದಲಿಗೆ, ಆಮೇಲೆ ಅರ್ಧ ಗಂಟೆಗೊಂದು. ಎದುರು ದಂಡೆಯ ಒಂದು ಗಿಡವನ್ನೋ ಕಂಬವನ್ನೋ ಗುರುತಿಟ್ಟುಕೊಂಡು ಪ್ರತಿ ಸಲ ಅದೇ ಗೆರೆಯಲ್ಲಿ ಎಸೆಯಿರಿ. ಇಲ್ಲೊಂದು ಅಲ್ಲೊಂದು ಬಿದ್ದರೆ ಮೀನೂ ಇಲ್ಲೊಂದು ಅಲ್ಲೊಂದು ಚದುರುತ್ತದೆ. ಒಂದೇ ಸಲ ಕಿಲೋಗಟ್ಟಲೆ ಸುರಿದರೆ ಮೀನು ಹೊಟ್ಟೆ ತುಂಬ ತಿಂದು ಸರಿಯುತ್ತದೆ. ಬೇಸಿಗೆಯಲ್ಲಿ ಉಳಿದದ್ದು ಕೊಳೆತು ಆ ಜಾಗವೇ ಕೆಡುತ್ತದೆ.

ಎರೆಹುಳುವಿಗೆ ಯಾವ ಮೀನೂ ಬೇಡ ಅನ್ನುವುದಿಲ್ಲ. ಆದರೆ ಮಾರ್ಚ್ ನಂತರ ಬಿರುಕು ಬಿಟ್ಟ ಎರೆಹೊಲದಲ್ಲಿ ಅಗೆದರೆ ಸಿಗುವುದು ಹೆಂಟೆ ಮಾತ್ರ. ತಿಪ್ಪೆಯ ಒದ್ದೆ ಅಂಚು, ಬೋರ್‌ವೆಲ್ ನೀರು ಹರಿಯುವ ಕಾಲುವೆ ಪಕ್ಕ, ಬಚ್ಚಲು ನೀರಿನ ಬಾಳೆಗಿಡದ ಬುಡ, ಇಲ್ಲಿ ನೋಡಿ. ಒದ್ದೆ ಮಣ್ಣಿನ ಡಬ್ಬಿಯಲ್ಲಿ, ಮುಚ್ಚಳಕ್ಕೆ ತೂತು ಹಾಕಿ, ನೆರಳಲ್ಲಿಡಿ.

ಒಂದು ಮಾತು: ಅಗರಬತ್ತಿ ಸೆಂಟು, ವೆನಿಲಾ, ‘ಗುಟ್ಟಿನ ಮಸಾಲೆ’ ಎಂದು ಮಾರುವ ಪುಡಿಗಳಿಗೆ ದುಡ್ಡು ಸುರಿಯಬೇಡಿ. ಹೊಸ ಹಿಂಡಿಯ ವಾಸನೆಯ ಮುಂದೆ ಅವು ಹೆಚ್ಚೇನೂ ಕೊಡುವುದಿಲ್ಲ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಎಸೆಯಿರಿ.

ಹೊತ್ತು ಮತ್ತು ಗಾಳಿ

ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. ಅದಕ್ಕೇ ಬೇಸಿಗೆಯ ನಡುಹಗಲಲ್ಲಿ ಮೀನು ಆಳಕ್ಕೆ ಇಳಿದು ಸುಮ್ಮನಿರುತ್ತದೆ. ನಸುಕಿನಿಂದ ಎಂಟೂವರೆವರೆಗೆ, ಮತ್ತೆ ಸಂಜೆ ಐದರ ನಂತರ ಕೂರಿ. ನಡುವೆ ಮನೆಗೆ ಹೋಗಿ ಮಲಗಿ. ಚಳಿಗಾಲದಲ್ಲಿ ಇದು ತಲೆಕೆಳಗು. ಡಿಸೆಂಬರ್, ಜನವರಿಯಲ್ಲಿ ಬೀದರ್ ಕಡೆ ಬೆಳಗಿನ ನೀರು ಕೊರೆಯುತ್ತದೆ. ಹತ್ತು ಗಂಟೆಗೆ ನೀರು ಬೆಚ್ಚಗಾದ ಮೇಲೆ ಕಚ್ಚಲು ಶುರು, ನಾಲ್ಕರವರೆಗೆ ನಡೆಯುತ್ತದೆ. ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್‌ನಿಂದ ಫೆಬ್ರುವರಿ ಹೊಸಬರಿಗೆ ಹೇಳಿ ಮಾಡಿಸಿದ ಕಾಲ.

ಗಾಳಿ ಮುಖಕ್ಕೆ ಬಡಿಯುವ ದಂಡೆಯೇ ಒಳ್ಳೆಯದು. ಎಸೆಯಲು ಕಷ್ಟ, ಆದರೆ ಅಲೆ ತಳ್ಳಿದ ಆಹಾರವೆಲ್ಲ ಅಲ್ಲಿ ಬಂದು ಸೇರುತ್ತದೆ. ಮುಂಗಾರಿನ ನೈರುತ್ಯದ ಗಾಳಿಗೆ ಕೆರೆಯ ಈಶಾನ್ಯ ಮೂಲೆ, ಚಳಿಗಾಲದ ಮೂಡಣ ಗಾಳಿಗೆ ಪಡುವಣ ದಂಡೆ.

ಬೆಂಡು ಓದುವುದು, ಎಳೆಯುವುದು

ಜಿಲೇಬಿ ಕಚ್ಚಿದರೆ ಬೆಂಡು ಟಕಟಕ ಕುಣಿದು ಥಟ್ಟನೆ ಮುಳುಗುತ್ತದೆ. ರೋಹು ಎರಡು ಮೂರು ಸಲ ಸಣ್ಣಗೆ ಅದುರಿಸಿ, ಒಂದು ಕ್ಷಣ ಬಿಟ್ಟು, ಓರೆಯಾಗಿ ಒಯ್ಯುತ್ತದೆ. ಗೆಂಡೆ, ಮೃಗಾಲ ತಳದ ಮೇವನ್ನು ಎತ್ತಿಕೊಂಡಾಗ ಸೀಸದ ಭಾರ ತಪ್ಪಿ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಮಲಗುತ್ತದೆ. ಇದೂ ಕಚ್ಚಿದ ಗುರುತೇ. ಹೊಸಬರು ಬೆಂಡು ಮುಳುಗಲಿ ಎಂದು ಕಾಯುತ್ತಾ ಕಳೆದುಕೊಳ್ಳುತ್ತಾರೆ. ಸುಮ್ಮನೆ ಬೆಂಡು ನಡುಗುತ್ತಲೇ ಇದ್ದು ಮೇವು ಪದೇ ಪದೇ ಖಾಲಿಯಾಗುತ್ತಿದ್ದರೆ ಕಡ್ಡಿಯಷ್ಟು ಮೀನುಗಳು ಅಥವಾ ಏಡಿಯ ಕೆಲಸ. ಗಾಳವನ್ನು ತಳದಿಂದ ಒಂದು ಮೊಳ ಎತ್ತಿ ನೋಡಿ.

ಎಳೆಯುವುದೆಂದರೆ ಮೀನನ್ನು ಹಿಂದಿನ ಹೊಲಕ್ಕೆ ಹಾರಿಸುವುದಲ್ಲ. ಮಣಿಕಟ್ಟಿನಿಂದ ಒಂದು ಅಡಿಯಷ್ಟು ಚುರುಕಾಗಿ ಎತ್ತಿದರೆ ಮೊನೆ ನೆಡುತ್ತದೆ. ರೋಹು, ಮೃಗಾಲದ ಬಾಯಿ ಮೆತ್ತಗೆ. ಜೋರಾಗಿ ಜಗ್ಗಿದರೆ ತುಟಿ ಹರಿಯುತ್ತದೆ.

ರೀಲಿನ ಡ್ರ್ಯಾಗ್ ಅನ್ನು, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬಿಗಿಯನ್ನು, ಮೊದಲೇ ಹದ ಮಾಡಿಟ್ಟಿರಬೇಕು. ದಾರದ ಪೊಟ್ಟಣದ ಮೇಲೆ ಬರೆದ ತಾಳಿಕೆಯ ಮೂರನೇ ಒಂದು ಭಾಗಕ್ಕೆ ರೀಲು ಬಿಟ್ಟುಕೊಡಬೇಕು. ತಕ್ಕಡಿ ಬೇಡ: ದಾರ ಆರು ಕಿಲೋ ತಾಳುವುದಾದರೆ ಎರಡು ಲೀಟರಿನ ತುಂಬಿದ ನೀರಿನ ಬಾಟಲಿ ಕಟ್ಟಿ, ದಾರವನ್ನು ಕೈಯಿಂದ ಹಿಡಿಯದೆ ರೀಲಿನಿಂದಲೇ ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ರೀಲು ಕಿರ್ ಎಂದು ಜಾರಿದರೆ ಸರಿ.

ದೊಡ್ಡ ಮೀನು ಓಡಿದರೆ ಓಡಲು ಬಿಡಿ, ರಾಡು ಮಾತ್ರ ಬಾಗಿರಲಿ. ದಾರ ಸಡಿಲಾದ ಕ್ಷಣವೇ ಗಾಳ ಕಳಚುತ್ತದೆ. ಅದು ನಿಂತಾಗ ರಾಡನ್ನು ನಿಧಾನಕ್ಕೆ ಎತ್ತಿ, ಇಳಿಸುವಾಗ ರೀಲು ಸುತ್ತಿ. ಜಾಲಿ ಮುಳ್ಳಿನ ಕಡೆ ನುಗ್ಗಿದರೆ ರಾಡನ್ನು ಅಡ್ಡ ಮಲಗಿಸಿ ಪಕ್ಕಕ್ಕೆ ಎಳೆಯಿರಿ. ದಡ ಕಂಡೊಡನೆ ಮತ್ತೊಮ್ಮೆ ಓಡುವುದು ಖಂಡಿತ. ಅಲ್ಲೇ ಹೆಚ್ಚು ಮೀನು ಕಳೆಯುವುದು. ಕೈಬಲೆಯನ್ನು ನೀರೊಳಗೆ ಮುಳುಗಿಸಿಟ್ಟು ಮೀನನ್ನು ಅದರ ಮೇಲಕ್ಕೆ ತನ್ನಿ, ಬಲೆ ಹಿಡಿದು ಮೀನನ್ನು ಅಟ್ಟಬೇಡಿ. ದಾರ ಹಿಡಿದು ಎತ್ತಲೂಬೇಡಿ: ನೀರಿನಲ್ಲಿ ಹಗುರಾಗಿದ್ದ ಎರಡು ಕಿಲೋ ಮೀನು ಗಾಳಿಯಲ್ಲಿ ಒದರಿದರೆ ದಾರ ನಿಲ್ಲುವುದಿಲ್ಲ.

ಆಮೆ ಸಿಕ್ಕರೆ ಗಾಳ ಬಿಡಿಸಿ, ಬಿಡಿಸಲಾಗದಿದ್ದರೆ ದಾರವನ್ನು ಬಾಯಿಯ ಹತ್ತಿರಕ್ಕೇ ಕತ್ತರಿಸಿ ನೀರಿಗೆ ಬಿಡಿ. ಅದನ್ನು ಮನೆಗೆ ಒಯ್ದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಮುಳ್ಳು, ನೀರು, ಕರೆಂಟು

ಜಿಲೇಬಿಯನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಕೈ ಸವರಿ ಹಿಡಿಯಿರಿ, ಬೆನ್ನ ಮುಳ್ಳು ಮಡಚಿಕೊಳ್ಳುತ್ತದೆ. ಮೀಸೆ ಮೀನುಗಳಿಗೆ ಬೆನ್ನ ಮೇಲೊಂದು, ಕಿವಿರಿನ ಹಿಂದೆ ಎರಡು ಮುಳ್ಳು. ಟವೆಲಿನಿಂದ ಹಿಡಿದು ಇಕ್ಕಳದಿಂದ ಗಾಳ ತೆಗೆಯಿರಿ. ಚೇಳುಮೀನಿನ ಮುಳ್ಳಿನಲ್ಲಿ ವಿಷವಿದೆ, ಹೆಸರು ಸುಮ್ಮನೆ ಬಂದದ್ದಲ್ಲ. ಚುಚ್ಚಿದರೆ ಸುಡದಷ್ಟು, ಆದರೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿ. ಆ ವಿಷ ಬಿಸಿಗೆ ಸತ್ವ ಕಳೆದುಕೊಳ್ಳುತ್ತದೆ. ಬಳಿಕ ಆಸ್ಪತ್ರೆಗೆ. ಗಾಳ ಬೆರಳೊಳಗೆ ಮೊನೆಯ ಮರುಮುಳ್ಳು ದಾಟಿ ಹೊಕ್ಕಿದ್ದರೆ ಕಿತ್ತು ತೆಗೆಯಬೇಡಿ, ದಾರ ಕತ್ತರಿಸಿ ವೈದ್ಯರಲ್ಲಿಗೆ ಹೋಗಿ, ಟಿಟಿ ಚುಚ್ಚುಮದ್ದು ಕೇಳಿ.

ಭೀಮಾದಲ್ಲಿ ನಮ್ಮ ಕಡೆ ಹನಿ ಮಳೆ ಇಲ್ಲದಿದ್ದರೂ ನೀರು ಏರುತ್ತದೆ, ಏಕೆಂದರೆ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಬರುತ್ತದೆ. 2020ರ ಅಕ್ಟೋಬರ್ ಪ್ರವಾಹ ಮರೆಯುವಂಥದ್ದಲ್ಲ. ಹೋದೊಡನೆ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ, ಆಗಾಗ ನೋಡುತ್ತಿರಿ. ಕಡ್ಡಿ ನೀರೊಳಗೆ ಹೋಗಿದ್ದರೆ ಸಾಮಾನು ಕಟ್ಟಿ. ಸನ್ನತಿಯಾಗಲಿ ನಾರಾಯಣಪುರವಾಗಲಿ, ಗೇಟುಗಳ ಕೆಳಗಿನ ಬಂಡೆಗಳ ಮೇಲೆ, ನಡುಗಡ್ಡೆಯಲ್ಲಿ ಕೂರಬೇಡಿ. ಒದ್ದೆ ಎರೆಮಣ್ಣಿನ ಇಳಿಜಾರು ಸಾಬೂನಿಗಿಂತ ಜಾರು. ಕೃಷ್ಣಾ ದಂಡೆಯಲ್ಲಿ ಮೊಸಳೆಗಳಿವೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ತೊಳೆಯುವ ಚಪಲ ಬೇಡ, ಕೊಡಪಾನದಲ್ಲಿ ನೀರು ತಂದು ದೂರ ತೊಳೆಯಿರಿ.

ಹೊಳೆ ದಂಡೆಯೆಂದರೆ ಪಂಪ್‌ಸೆಟ್ಟುಗಳ ಸಾಲು. ತಲೆಯ ಮೇಲಿನ ವಿದ್ಯುತ್ ತಂತಿ ನೋಡದೆ ಕಾರ್ಬನ್ ರಾಡು ಬೀಸಿದವರಿಗೆ ಎರಡನೇ ಅವಕಾಶ ಸಿಗುವುದಿಲ್ಲ; ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ನೀರಿಗಿಳಿದ ಮೋಟಾರ್ ಕೇಬಲ್ ಹತ್ತಿರ ಸುಳಿಯಬೇಡಿ. ಗುಡುಗಿದರೆ ರಾಡು ಮಲಗಿಸಿ ದೂರ ಸರಿಯಿರಿ. ಸಂಜೆ ಹುಲ್ಲಿನ ನಡುವೆ ಟಾರ್ಚ್ ಇಲ್ಲದೆ ಕಾಲಿಡಬೇಡಿ, ಕೊಳಕುಮಂಡಲ ಸರಿದು ಜಾಗ ಕೊಡುವ ಹಾವಲ್ಲ.

ಹಿಡಿದ ಮೇಲೆ

ನಲವತ್ತು ಡಿಗ್ರಿ ಬಿಸಿಲಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ ಮೀನು ಮನೆ ಮುಟ್ಟುವಷ್ಟರಲ್ಲಿ ಕೆಟ್ಟಿರುತ್ತದೆ. ತಿನ್ನುವುದಾದರೆ ಹಿಡಿದೊಡನೆ ತಲೆಗೆ ಒಂದು ಏಟು ಕೊಟ್ಟು ಕೊಂದು, ಕಿವಿರು ಮತ್ತು ಕರುಳು ತೆಗೆದು, ಮೀನಿನಷ್ಟೇ ತೂಕದ ಐಸು ಹಾಕಿದ ಡಬ್ಬಿಯಲ್ಲಿಡಿ. ಐಸು ಸಿಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಳಿ ಆಡುವ ನೆರಳಿನಲ್ಲಿಟ್ಟು ಬೇಗ ಹೊರಡಿ. ತಿನ್ನದ ಮೀನನ್ನು ಒದ್ದೆ ಕೈಯಿಂದ ಹಿಡಿದು ಆಗಲೇ ಬಿಡಿ. ಒಣ ಕೈಗೆ ಅದರ ಮೈಯ ಲೋಳೆ ಅಂಟಿ ಬಂದರೆ ಆಮೇಲೆ ರೋಗ ತಗಲುತ್ತದೆ.

ಕೆರೆಮೀನಿಗೆ ಮಣ್ಣಿನ ವಾಸನೆ ಎಂಬ ದೂರು ಇದ್ದೇ ಇದೆ. ನೀರಿನ ನೀಲಿಹಸಿರು ಪಾಚಿಯಿಂದ ಬರುವ ವಾಸನೆ ಅದು. ಹುಳಿ ಅದನ್ನು ಮುರಿಯುತ್ತದೆ: ತುಂಡುಗಳಿಗೆ ಉಪ್ಪು, ಅರಿಶಿನ ತಿಕ್ಕಿ ತೊಳೆದು, ಹುಣಸೆ ರಸದಲ್ಲೋ ಹುಳಿ ಮಜ್ಜಿಗೆಯಲ್ಲೋ ಇಪ್ಪತ್ತು ನಿಮಿಷ ನೆನೆಸಿ. ಹೊಟ್ಟೆಯ ಒಳಗೋಡೆಯ ಕಪ್ಪು ಪೊರೆಯನ್ನೂ ಕೆರೆದು ತೆಗೆಯಿರಿ.

ಮನೆಗೆ ಬಂದ ಮೇಲೆ ರೀಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಡ್ರ್ಯಾಗ್ ಸಡಿಲಿಸಿಡಿ. ದಾರದ ಕೊನೆಯ ಒಂದು ಮಾರು ಕಲ್ಲಿಗೆ ಉಜ್ಜಿ ಒರಟಾಗಿದ್ದರೆ ಕತ್ತರಿಸಿ ಹೊಸ ಗಂಟು ಹಾಕಿ. ಕತ್ತರಿಸಿದ ತಂಗೂಸಿಯ ತುಂಡುಗಳನ್ನು ದಂಡೆಯಲ್ಲಾಗಲಿ ತಿಪ್ಪೆಯಲ್ಲಾಗಲಿ ಹಾಗೇ ಬಿಸಾಡಬೇಡಿ. ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ದನದ ಹೊಟ್ಟೆಗೆ ಹೋಗುತ್ತದೆ. ಅಂಗುಲದಷ್ಟು ಚೂರು ಮಾಡಿ ಒಂದು ಬಾಟಲಿಯಲ್ಲಿ ತುಂಬಿಟ್ಟು, ಬಾಟಲಿ ತುಂಬಿದ ಮೇಲೆ ಮುಚ್ಚಳ ಬಿಗಿದು ಕಸದ ಗಾಡಿಗೆ ಕೊಡಿ.